ಅಪ್ಪನನ್ನು ಟ್ರಯಲ್‌ಗೆ ಸೇರಿಸುವ ಮುನ್ನ

ಪಾರ್ಕಿನ್ಸನ್ ಬಂದ ಅನೇಕರ ಅಕ್ಷರ ಬರಬರುತ್ತಾ ಚಿಕ್ಕದಾಗುತ್ತದೆ. ಹಳೆಯ ಪಾಸ್‌ಬುಕ್ಕಿನಲ್ಲಿ ಠೀವಿಯಿಂದ ನಿಂತಿದ್ದ ಸಹಿ ಈಗಿನ ಚೆಕ್ಕಿನಲ್ಲಿ ಇರುವೆ ಸಾಲು. ಅದೇ ಕೈ ಕ್ಲಿನಿಕಲ್ ಟ್ರಯಲ್‌ನ, ಅಂದರೆ ಹೊಸ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಪ್ರಯೋಗದ, ಒಪ್ಪಿಗೆ ಪತ್ರಕ್ಕೂ ಸಹಿ ಹಾಕಬೇಕು. ಅದಕ್ಕೆ ಮುಂಚೆ ಮನೆಯವರಿಗೆ ಒಂದಷ್ಟು ಕೆಲಸವಿದೆ.

ಮೊದಲು ಒಂದು ನೋಟ್‌ಬುಕ್ ಇಡಿ. ಈ ಕಾಯಿಲೆಯಲ್ಲಿ ಡೋಪಮಿನ್ ಎಂಬ, ಮೈಕೈ ಚಲನೆಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಕೋಶಗಳು ಸಾಯುತ್ತಾ ಹೋಗುತ್ತವೆ. ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ಕೆಲವು ಗಂಟೆ ತುಂಬಿ, ಆಮೇಲೆ ಇಳಿಯುತ್ತದೆ. ಡಾಕ್ಟರುಗಳು ಇದನ್ನೇ ‘ಆನ್’, ‘ಆಫ್’ ಎನ್ನುವುದು. ‘7ಕ್ಕೆ ಮಾತ್ರೆ. 7.40ಕ್ಕೆ ಅಂಗಿ ಗುಂಡಿ ತಾವೇ ಹಾಕಿಕೊಂಡರು. 10.30ಕ್ಕೆ ಬಚ್ಚಲ ಬಾಗಿಲಲ್ಲಿ ಕಾಲು ಕಿತ್ತಿಡಲು ಆಗಲಿಲ್ಲ.’ ಒಂದು ವಾರ ಹೀಗೆ ಬರೆದರೆ ಸಾಕು. ಊಟದ ಹೊತ್ತನ್ನೂ ಬರೆಯಿರಿ. ಪ್ರೋಟೀನ್ ಜಾಸ್ತಿಯಾದರೆ ಮಾತ್ರೆ ಮೈಗೆ ಹತ್ತುವುದು ತಡ. ನಾಟಿ ಔಷಧಿಯನ್ನಂತೂ ಮುಚ್ಚಿಡಬೇಡಿ. ನಸುಗುನ್ನಿ ಬೀಜದಲ್ಲಿರುವುದೂ ಲೆವೊಡೋಪಾವೇ.

ಆಮೇಲೆ ಹುಡುಕಾಟ. ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಬಿಟ್ಟು, ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಇಡುವ ಸಿಟಿಆರ್‌ಐ ಜಾಲತಾಣ ತೆರೆಯಿರಿ. ದೇಶದಲ್ಲಿ ನಡೆಯುವ ಔಷಧ ಟ್ರಯಲ್‌ಗಳು 2009ರ ಜೂನ್‌ನಿಂದ ಅಲ್ಲಿ ಕಡ್ಡಾಯವಾಗಿ ನೋಂದಣಿಯಾಗಬೇಕು. ಅಲ್ಲಿರುವುದೆಲ್ಲ ಇಂಗ್ಲಿಷ್, ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕೂರಿಸಿಕೊಳ್ಳಿ. ಬೆಂಗಳೂರಿನ ಆಸ್ಪತ್ರೆ ಇದೆಯೇ, ಭರ್ತಿ ಇನ್ನೂ ನಡೆದಿದೆಯೇ, ಯಾರನ್ನು ಸೇರಿಸಿಕೊಳ್ಳುವುದಿಲ್ಲ, ಈ ಮೂರನ್ನು ನೋಡಿ. ಎಲ್ಲ ಸಂಶೋಧನೆಯೂ ಮಾತ್ರೆಯದಲ್ಲ. ಕೆಲವಕ್ಕೆ ರಕ್ತ, ಸ್ಕ್ಯಾನ್, ನಡಿಗೆಯ ಪರೀಕ್ಷೆಯಷ್ಟೇ ಸಾಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕೇ ಇದೆ. ಸತ್ತ ಮೇಲೆ ದಾನ ಕೊಟ್ಟ ಮಿದುಳುಗಳನ್ನು ಸಂಶೋಧನೆಗೆ ಕಾಪಿಡುತ್ತಾರೆ.

‘ಸ್ಟೆಮ್ ಸೆಲ್ ಟ್ರಯಲ್, ಇಷ್ಟು ಲಕ್ಷ ಆಗುತ್ತೆ’ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಪ್ರಯೋಗಕ್ಕೆ ಒಳಗಾಗುವವರೇ ದುಡ್ಡು ತೆರುವುದು ಯಾವ ನ್ಯಾಯ?

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ, ಮನೆಗೆ ತಂದು ಓದಿ. ನನ್ನ ಪ್ರಕಾರ ಎಡವುವುದು ಇಲ್ಲೇ. ಕಾರಿಡಾರಿನ ಬೆಂಚಿನ ಮೇಲೆ ಹತ್ತು ನಿಮಿಷದಲ್ಲಿ ಸಹಿ ಹಾಕಿ ಬಂದುಬಿಡುತ್ತಾರೆ. ಅಪ್ಪನಿಗೆ ಪ್ಲಸೀಬೊ, ಅಂದರೆ ಔಷಧವೇ ಇಲ್ಲದ ಮಾತ್ರೆ, ಸಿಗಬಹುದೇ ಎಂದು ಕೇಳಿ. ಅದು ಮೋಸವಲ್ಲ. ‘ಹೊಸ ಔಷಧ ಸಿಕ್ಕಿತು’ ಎಂಬ ನಂಬಿಕೆಗೇ ಪಾರ್ಕಿನ್ಸನ್ ರೋಗಿಯ ಮಿದುಳಿನಲ್ಲಿ ಡೋಪಮಿನ್ ಏರುವುದನ್ನು ವಿಜ್ಞಾನಿಗಳು ಸ್ಕ್ಯಾನ್‌ನಲ್ಲಿ ಕಂಡಿದ್ದಾರೆ. ಹೋಲಿಸಿ ನೋಡದಿದ್ದರೆ ಗುಣ ಮಾತ್ರೆಯದೋ ಆಸೆಯದೋ ಗೊತ್ತಾಗುವುದಿಲ್ಲ. ಈಗಿನ ಮಾತ್ರೆ ಮುಂದುವರಿಯುತ್ತದೆಯೇ ಎಂದೂ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ, ಲೆವೊಡೋಪಾ ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಪರೀಕ್ಷೆಗೆ ‘ಆಫ್’ನಲ್ಲೇ ಬನ್ನಿ ಎಂದರೆ ಆಟೋ ಖರ್ಚು ಯಾರದು? ಬೆಳಗಿನ ಮಾತ್ರೆ ಇಲ್ಲದೆ ಬನಶಂಕರಿಯಿಂದ ಬಿಎಂಟಿಸಿ ಹತ್ತಿಸುವುದು ಆಗದ ಮಾತು. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡನ್ನೂ ಕೇಂದ್ರ ಸರ್ಕಾರದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಪತ್ರದಲ್ಲಿ ಅದು ಇರಲೇಬೇಕು. ನಡುವೆ ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಿಲ್ಲ.

ಎಲ್ಲ ಓದಿ ಅಪ್ಪನೇ ‘ಆಗಲಿ’ ಎಂದರೆ, ನೋಟ್‌ಬುಕ್ ತೆಗೆದು ‘ಆನ್’ ಹೊತ್ತು ಯಾವುದೆಂದು ನೋಡಿ. ಸಹಿಗೆ ಆ ಹೊತ್ತನ್ನೇ ಕೇಳಿ.