ಕರಾವಳಿಯಲ್ಲಿ ಕೇರಂ ಟೂರ್ನಮೆಂಟ್: ತೇವ, ರಸಮಟ್ಟ ಮತ್ತು ಎರಡು ಸೋಲಿನ ಲೆಕ್ಕ

ಕೇರಂ ಟೂರ್ನಮೆಂಟ್ ಮಾಡಲು ಹೊರಟ ಯುವಕ ಸಂಘಗಳು ಸಾಮಾನ್ಯವಾಗಿ ಮೊದಲು ಟ್ರೋಫಿ ನೋಡುತ್ತವೆ, ಆಮೇಲೆ ಬ್ಯಾನರು, ಎಲ್ಲ ಮುಗಿದ ಮೇಲೆ ಬೋರ್ಡು. ಇದನ್ನು ತಲೆಕೆಳಗು ಮಾಡಿದರೆ ಆ ದಿನದ ಅರ್ಧ ಜಗಳ ಹುಟ್ಟುವುದೇ ಇಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆಟ ಕೆಡಿಸುವುದು ಎರಡೇ ಸಂಗತಿ: ಗಾಳಿಯಲ್ಲಿನ ತೇವ ಮತ್ತು ಯೋಚಿಸದೆ ಹಾಕಿದ ಫಿಕ್ಸ್‌ಚರ್, ಅಂದರೆ ಯಾರು ಯಾರ ಎದುರು ಆಡಬೇಕೆಂಬ ಪಟ್ಟಿ.

ಮಳೆಗಾಲದಲ್ಲಿ ಹೊರಗೆ ಕೆಲಸವಿಲ್ಲ, ಒಳಗೆ ಆಡಿಸೋಣ ಎನಿಸುವುದು ಸಹಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಪ್ಲೈವುಡ್ ನೀರು ಹೀರಿ ಉಬ್ಬುತ್ತದೆ, ಪೌಡರ್ ಗಂಟು ಕಟ್ಟುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಂದು ಭಾನುವಾರ ಹಿಡಿಯಿರಿ. ಮಾರ್ಚ್‌ ಬಂದರೆ ಪರೀಕ್ಷೆಗಾಗಿ ಶಾಲೆ ಕಾಲೇಜಿನ ಹಾಲ್ ಸಿಗುವುದಿಲ್ಲ. ಶಿರಸಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳನ್ನು ಬಿಟ್ಟೇ ಯೋಚಿಸಬೇಕು, ಆಗ ಲಾಡ್ಜಿನಲ್ಲಿ ಒಂದು ಮಂಚವೂ ಖಾಲಿ ಇರುವುದಿಲ್ಲ. ಹಿಂದಿನ ರಾತ್ರಿ ಊರಲ್ಲಿ ಮೇಳದ ಆಟ ಇದೆಯೋ ಎಂದೂ ವಿಚಾರಿಸಿ, ಬೆಳಗಿನವರೆಗೆ ಯಕ್ಷಗಾನ ನೋಡಿ ಬಂದವರ ಕೈ ಮೊದಲ ಸುತ್ತಿನಲ್ಲಿ ಏಳುವುದಿಲ್ಲ. ಕರಾವಳಿ, ಘಟ್ಟದ ಮೇಲು ಎರಡೂ ಕಡೆಯವರನ್ನು ಕರೆಯುವುದಾದರೆ ಕುಮಟಾ ಅನುಕೂಲ. ಭಟ್ಕಳ, ಹೊನ್ನಾವರ, ಅಂಕೋಲಾ, ಕಾರವಾರದವರಿಗೆ ರೈಲಿದೆ, ಶಿರಸಿಯವರು ದೇವಿಮನೆ ಘಟ್ಟ ಇಳಿದರಾಯಿತು.

ಬೋರ್ಡಿನ ಆಡುವ ಜಾಗ ಒಂದು ಬದಿಗೆ 73.5ರಿಂದ 74 ಸೆಂ.ಮೀ., ಪಾಕೆಟ್ ಸುಮಾರು 4.45 ಸೆಂ.ಮೀ., ಪ್ಲೈ 8 ಮಿ.ಮೀ.ಗೆ ಕಡಿಮೆ ಇರಬಾರದು. ಮನೆಗಳಿಂದ ಕೇಳಿ ತಂದ ಸಣ್ಣ ಬೋರ್ಡು ಬೆರೆಸಿದರೆ ಅದರ ಮೇಲೆ ಸೋತವನು ಬೋರ್ಡನ್ನೇ ದೂರುತ್ತಾನೆ, ದೂರಿನಲ್ಲಿ ಸತ್ಯವೂ ಇರುತ್ತದೆ. ಹಾಲ್‌ಗೆ ತಂದ ಪ್ರತಿ ಬೋರ್ಡಿನ ಮೇಲೆ ಮೂಲೆಯಿಂದ ಮೂಲೆಗೆ, ಪ್ಲೈಗೆ ತಾಗುವಂತೆ ದಾರ ಬಿಗಿದು ನೋಡಿ. ನಡುವೆ ಬೆಳಕು ಕಂಡರೆ ಪ್ಲೈ ಇಳಿದಿದೆ. ಆಮೇಲೆ 15 ಗ್ರಾಂ ಸ್ಟ್ರೈಕರನ್ನು ಬೇಸ್‌ಲೈನಿನಿಂದ ಎದುರಿನ ಚೌಕಟ್ಟಿಗೆ ನೇರವಾಗಿ ಪೂರ್ತಿ ಜೋರಿನಲ್ಲಿ ಹೊಡೆಯಿರಿ. ಹೋಗಿ ಬಂದು ಮೂರೂವರೆ ಸಲ ಓಡಿದರೆ ಬೋರ್ಡು ಆಟಕ್ಕೆ ಯೋಗ್ಯ. ಎರಡಕ್ಕೇ ನಿಂತರೆ ತೇವ ಹಿಡಿದಿದೆ.

ತೇವ ತೆಗೆಯಲು ಬಿಸಿಲಿಗೆ ಇಡಬೇಡಿ, ಒಂದು ಬದಿ ಮಾತ್ರ ಒಣಗಿ ಹಲಗೆ ಬಾಗುತ್ತದೆ. ಹಳೇ ಕಾಲದ 60ರಿಂದ 100 ವ್ಯಾಟಿನ ಬಲ್ಬು ಹುಡುಕಿ ತಂದು, ಮೇಲೆ ತಗಡಿನ ಶೇಡ್ ಹಾಕಿ, ಬೋರ್ಡಿನಿಂದ ಎರಡೂವರೆ, ಮೂರು ಅಡಿ ಎತ್ತರದಲ್ಲಿ ತೂಗಬಿಟ್ಟು ಆಟಕ್ಕೆ ಒಂದು ತಾಸು ಮೊದಲೇ ಉರಿಸಿ. ಎಲ್‌ಇಡಿ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ನಮಗೆ ಬೇಕಾದದ್ದು ಎರಡೂ. ಕಾರವಾರದ ಹಾಲ್‌ನಲ್ಲಿ ಮಧ್ಯಾಹ್ನ ಕಡಲ ಗಾಳಿ ಏಳುವ ಮೊದಲೇ ಪಡುವಣ ಬದಿಯ ಕಿಟಕಿ ಮುಚ್ಚಿ. ಬೋರ್ಡಿನ ನೆತ್ತಿಯ ಫ್ಯಾನು ಪೌಡರನ್ನು ಒಂದೇ ಬದಿಗೆ ತಳ್ಳುತ್ತದೆ, ಹಾಗಾಗಿ ಗೋಡೆ ಪಕ್ಕದವನ್ನು ಮಾತ್ರ ಹಚ್ಚಿ, ಪ್ರತಿ ಮೇಜಿಗೆ ಬೆವರು ಒರೆಸಲು ಎರಡು ಹತ್ತಿ ಟವೆಲ್ ಇಡಿ. ಒಂದು ಹನಿ ಬೆವರು ಬಿದ್ದ ಕಡೆ ಕಾಯಿನ್ ನಿಂತುಬಿಡುತ್ತದೆ.

ಸ್ಟ್ಯಾಂಡಿನ ಎತ್ತರ 63ರಿಂದ 70 ಸೆಂ.ಮೀ. ಹಳೇ ಹಾಲ್‌ಗಳ ನೆಲವನ್ನು ತೊಳೆದ ನೀರು ಹರಿಯಲೆಂದೇ ಸ್ವಲ್ಪ ಇಳಿಜಾರು ಕೊಟ್ಟು ಹಾಕಿರುತ್ತಾರೆ. ಗಾರೆ ಕೆಲಸದವರಿಂದ ರಸಮಟ್ಟ (ಸ್ಪಿರಿಟ್ ಲೆವೆಲ್) ತಂದು ಎರಡೂ ಕರ್ಣಗಳ ಮೇಲೆ ಇಟ್ಟು ನೋಡಿ, ಕಾಲಡಿ ರಟ್ಟು ಮಡಚಿ ಇಡಿ. ಊಟವಾದ ಮೇಲೆ ಮತ್ತೊಮ್ಮೆ ನೋಡಿ, ಜನ ಒರಗಿ ಒರಗಿ ಸ್ಟ್ಯಾಂಡ್ ಸರಿದಿರುತ್ತದೆ.

ಪೌಡರ್ ಎಂದರೆ ಒಣ ಬೋರಿಕ್ ಪೌಡರ್. ಮುಖದ ಪೌಡರ್ ಸೆಕೆಗೆ ಮೆತ್ತುತ್ತದೆ, ಮೈದಾ ತೇವ ಎಳೆದುಕೊಂಡು ಅಂಟುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಜರಡಿ ಹಿಡಿದು, ಒಂದು ಚಿಟಿಕೆ ಉದುರಿಸಿ ಬಟ್ಟೆಯಿಂದ ಸಮನಾಗಿ ಹರಡಿ. ಬಿಳಿ ಕಾಣುವಷ್ಟು ಹಾಕಿದರೆ ಹೆಚ್ಚಾಯಿತು. ಹೊಟ್ಟೆಗೆ ಹೋದರೆ ವಿಷ, ಆದ್ದರಿಂದ ಮಕ್ಕಳ ಕೈಗೆ ಸಿಗಬಾರದು, ತಿಂಡಿಗೆ ಮೊದಲು ಕೈ ತೊಳೆಯಲು ಸಾಬೂನು ಇರಬೇಕು. ತಿಂಡಿ ವಿಷಯಕ್ಕೆ ಬಂದರೆ, ಭಜಿ ಮಾಡಿಸಿದರೆ ಎಣ್ಣೆ ಕೈ ಬೋರ್ಡಿಗೆ ಬರುತ್ತದೆ. ಬಾಳೆಹಣ್ಣು, ಚಹಾ, ಮುರುಗಲು ಪಾನಕ ಸಾಕು.

ಕಾಯಿನ್ 19: ಬಿಳಿ 9, ಕಪ್ಪು 9, ಕೆಂಪು ರಾಣಿ ಒಂದು. ತಲಾ 5ರಿಂದ 5.5 ಗ್ರಾಂ. ಸೆಟ್‌ಗಳು ಬೆರೆಯದಂತೆ ಡಬ್ಬಿಗೆ ಬೋರ್ಡಿನ ನಂಬರ್ ಬರೆಯಿರಿ. ಸ್ಟ್ರೈಕರ್ ಆಟಗಾರರದ್ದೇ ಇರಲಿ, ಆದರೆ 15 ಗ್ರಾಂ ಮೀರಬಾರದು, ಅಡ್ಡಳತೆ 4.13 ಸೆಂ.ಮೀ. ದಾಟಬಾರದು, ಲೋಹದ್ದು ಸಲ್ಲದು. ಹೆಸರು ಬರೆಸುವ ಮೇಜಿನಲ್ಲೇ ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಇಟ್ಟರೆ ಆಟದ ನಡುವೆ ತಕರಾರು ಏಳುವುದಿಲ್ಲ.

ಇನ್ನು ಫಿಕ್ಸ್‌ಚರ್. 32 ಜನರ ನಾಕೌಟ್‌ ಎಂದರೆ 31 ಪಂದ್ಯ, ಮೊದಲ ಸುತ್ತಿಗೇ 16 ಮಂದಿ ಮನೆಗೆ. ಹಳಿಯಾಳದಿಂದ ನಸುಕಿನ ಬಸ್ಸು ಹಿಡಿದು ಬಂದವರು ಅರ್ಧ ತಾಸು ಆಡಿ ಹೊರಟರೆ ಮುಂದಿನ ವರ್ಷ ಬರುವುದಿಲ್ಲ. ಅಮೆರಿಕದ ಪಿನ್‌ಬಾಲ್ (ಇಳಿಜಾರು ಯಂತ್ರದಲ್ಲಿ ಗುಂಡಿ ಒತ್ತಿ ಚೆಂಡು ಆಡಿಸುವ ಆಟ) ಟೂರ್ನಮೆಂಟುಗಳಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿದೆ. ಸೋತಾಗೆಲ್ಲ ಒಂದು ‘ಸ್ಟ್ರೈಕ್’ ಬೀಳುತ್ತದೆ, ಮೂರು ಬಿದ್ದವರು ಹೊರಗೆ. ಪಿನ್‌ಬಾಲ್ ಯಂತ್ರವನ್ನು ಸುಮಾರು ಆರೂವರೆ ಡಿಗ್ರಿ ಇಳಿಜಾರಿನಲ್ಲಿ ನಿಲ್ಲಿಸುತ್ತಾರೆ, ಎಷ್ಟು ಅಳೆದಿಟ್ಟರೂ ಒಂದೊಂದಕ್ಕೆ ಒಂದೊಂದು ಗುಣ. ಅದಕ್ಕೇ ಯಾವ ಯಂತ್ರದಲ್ಲಿ ಆಡಬೇಕೆಂಬುದನ್ನೂ ಚೀಟಿ ಎತ್ತಿದ ಹಾಗೆ ನಿರ್ಧರಿಸುವುದುಂಟು. ಎರಡನ್ನೂ ಕೇರಂಗೆ ತನ್ನಿ.

32 ಜನ, 8 ಬೋರ್ಡು, ಒಂದೇ ದಿನ ಎಂದಾದರೆ ಎರಡು ಸೋಲಿಗೆ ಹೊರಗೆ ಎಂದಿಡಿ. ಒಟ್ಟು 62 ಅಥವಾ 63 ಪಂದ್ಯ ಆಗುತ್ತದೆ. ಸಮಾನ ಸೋಲು ಇದ್ದವರನ್ನೇ ಎದುರುಬದುರು ಹಾಕಿದರೆ ಸುತ್ತುಗಳು 16, 16, 12, 8, 5 ಪಂದ್ಯಗಳಾಗಿ ಇಳಿದು ಐದು ಸುತ್ತಿಗೆ 6 ಮಂದಿ ಉಳಿಯುತ್ತಾರೆ. ಎಂಟೂ ಬೋರ್ಡಿನಲ್ಲಿ ಒಮ್ಮೆಗೆ ಆಡಿಸುವುದು ಒಂದು ಪಾಳಿ. ಪಂದ್ಯಕ್ಕೆ 35 ನಿಮಿಷ ಹಿಡಿದರೆ, ಉಳಿದವರ ಕೊನೆಯ ಸುತ್ತುಗಳೂ ಸೇರಿ 12 ಪಾಳಿ, ಏಳು ತಾಸು. ಬೆಳಿಗ್ಗೆ 9ಕ್ಕೆ ಶುರು ಮಾಡಿದರೆ ಉದ್ದನೆಯ ಫೈನಲ್ ಬಿಟ್ಟು ಉಳಿದದ್ದು ಊಟ ಸೇರಿ ಸಂಜೆ 5ರ ಹೊತ್ತಿಗೆ ಮುಗಿಯುತ್ತದೆ, ಹೆಚ್ಚಿನವರಿಗೆ ಕೊನೆಯ ಬಸ್ಸು ತಪ್ಪುವುದಿಲ್ಲ. ಮೂರು ಸೋಲಿನ ಪದ್ಧತಿಗೆ ಕನಿಷ್ಠ 93 ಪಂದ್ಯ ಬೇಕು, ಎರಡು ದಿನ ಇದ್ದರೆ ಮಾತ್ರ ಅದರ ಕೈ ಹಿಡಿಯಿರಿ. ಬೆಸ ಸಂಖ್ಯೆ ಬಂದಾಗ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಒಬ್ಬರಿಗೇ ಎರಡು ಸಲ ಕೊಡಬೇಡಿ. ಡ್ರಾಯಿಂಗ್ ಶೀಟಿನ ಮೇಲೆ ಹೆಸರು ಬರೆದು ಸೋಲಿಗೊಂದು ಕೆಂಪು ಚುಕ್ಕಿ ಇಟ್ಟು ಗೋಡೆಗೆ ಅಂಟಿಸಿ, ಮೈಕಿನಲ್ಲಿ ಕೂಗುವುದು ತಪ್ಪುತ್ತದೆ.

ಪೂರ್ಣ ನಿಯಮದ ಗೇಮ್ ಎಂದರೆ 25 ಪಾಯಿಂಟ್ ಅಥವಾ 8 ಬೋರ್ಡ್ (ಇಲ್ಲಿ ಬೋರ್ಡ್ ಎಂದರೆ ಕಾಯಿನ್ ಜೋಡಿಸಿ ಒಬ್ಬರ ಕಾಯಿನ್ ಖಾಲಿಯಾಗುವವರೆಗಿನ ಆಟ), ಮೂರು ಗೇಮಿನಲ್ಲಿ ಎರಡು ಗೆಲ್ಲಬೇಕು. ಅದನ್ನು ಫೈನಲ್‌ಗೆ ಉಳಿಸಿ. ಅದಕ್ಕೆ ಮೊದಲಿನ ಸುತ್ತುಗಳಿಗೆ 4 ಬೋರ್ಡ್ ಅಥವಾ 25 ನಿಮಿಷ. ಗಂಟೆ ಬಾರಿಸಿದಾಗ ನಡೆಯುತ್ತಿರುವ ಬೋರ್ಡ್ ಮುಗಿಸಬೇಕು, ಸಮ ಬಂದರೆ ಇನ್ನೊಂದು. ರಾಣಿಯ 3 ಪಾಯಿಂಟ್ ಗೆದ್ದವನೇ ಕವರ್ ಮಾಡಿದ್ದರೆ (ರಾಣಿಯ ಬೆನ್ನಿಗೇ ತನ್ನ ಕಾಯಿನ್ ಹಾಕಿದ್ದರೆ) ಮಾತ್ರ, ಅದೂ ಅವನ ಮೊತ್ತ 22 ಮುಟ್ಟುವ ತನಕ.

ತಕರಾರು ಹೆಚ್ಚು ಏಳುವುದು ಸ್ಟ್ರೈಕರ್ ಪಾಕೆಟಿಗೆ ಬಿದ್ದಾಗ, ಯಾಕೆಂದರೆ ಮನೆಮನೆಗೂ ಒಂದು ಕಾನೂನು. ಸ್ಟ್ರೈಕರ್ ಒಂಟಿಯಾಗಿ ಬಿದ್ದರೆ ಒಂದು ಕಾಯಿನ್ ಹೊರಗೆ, ಸರದಿಯೂ ಹೋಯಿತು. ತನ್ನದೇ ಕಾಯಿನ್ ಜೊತೆ ಬಿದ್ದರೆ ಆ ಕಾಯಿನ್ ಮತ್ತು ದಂಡದ ಒಂದು, ಎರಡೂ ಹೊರಗೆ, ಆದರೆ ಸರದಿ ಉಳಿಯುತ್ತದೆ. ಹೊರ ಬಂದದ್ದನ್ನು ನಡುವಿನ ದೊಡ್ಡ ವೃತ್ತದೊಳಗೆ ಎದುರಾಳಿ ಇಡುತ್ತಾನೆ. ಸ್ಟ್ರೈಕರ್ ಎರಡೂ ಬೇಸ್‌ಲೈನ್ ಮುಟ್ಟಿರಬೇಕು. ತುದಿಯ ಕೆಂಪು ವೃತ್ತವನ್ನು ಪೂರ್ತಿ ಮುಚ್ಚಬೇಕು, ಇಲ್ಲ ಮುಟ್ಟಲೇಬಾರದು. ಈ ಮಾತುಗಳನ್ನು ಬೆಳಿಗ್ಗೆ ಎಲ್ಲರೆದುರು ಓದಿ. ಅಂಪೈರ್ ಕಡಿಮೆ ಬಿದ್ದರೆ ಆ ಪಾಳಿಯಲ್ಲಿ ಆಟವಿಲ್ಲದವರು ಕೂರಲಿ, ಆದರೆ ತಮ್ಮ ಸಂಘದವರ ಬೋರ್ಡಿಗೆ ಬೇಡ. ಪ್ರೇಕ್ಷಕರನ್ನು ನಾಲ್ಕು ಅಡಿ ದೂರದ ಹಗ್ಗದಾಚೆ ನಿಲ್ಲಿಸಿ. ‘ರಿಬೌಂಡ್ ಹೊಡಿ’ ಎಂದು ಪಿಸುಗುಡುವವರು ಪ್ರತಿ ಊರಲ್ಲೂ ಇದ್ದಾರೆ.

ಕರೆಂಟ್ ಹೋದರೆ ಕೈ ಹಿಂದೆ, ಅಂಪೈರ್ ತಕ್ಷಣ ಮೊಬೈಲಿನಲ್ಲಿ ಬೋರ್ಡಿನ ಫೋಟೋ ತೆಗೆಯಬೇಕು. ಕತ್ತಲಲ್ಲಿ ಯಾರಾದರೂ ತಾಗಿಸಿದರೂ ಹಾಗೇ ಮರಳಿ ಜೋಡಿಸಬಹುದು. 100 ವ್ಯಾಟಿನ 8 ಬಲ್ಬಿಗೆ 800 ವ್ಯಾಟ್ ಬೇಕು, ಸಣ್ಣ ಇನ್ವರ್ಟರ್ ತಾಳುವುದಿಲ್ಲ, ಜನರೇಟರ್ ಹೇಳಿಡಿ.

ಮುಗಿದ ಮೇಲೆ ಪೌಡರ್ ಒರೆಸಿ, ಬೋರ್ಡನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಮರದ ಹಲಗೆಯ ಮೇಲೆ ಮಟ್ಟಸವಾಗಿ ಮಲಗಿಸಿ. ಪ್ಲಾಸ್ಟಿಕ್ ಸುತ್ತಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಗೋಡೆಗೆ ಓರೆಯಾಗಿ ಆನಿಸಿದರೆ ಬಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ವಾರಕ್ಕೊಮ್ಮೆ ಬಿಚ್ಚಿ ಬಲ್ಬಿನಡಿ ಅರ್ಧ ತಾಸು ಇಡಿ.