ಚುಕ್ಕೆ ಗುರುತಿಲ್ಲದ ಪ್ರಶ್ನೆಯಿಂದ ನಮ್ಮ ರಾಜಕಾಲುವೆ ತೆರವಾದ ಬಗೆ: ನನ್ನ ಅನುಭವ

ಕೋಲಾರ ತಾಲ್ಲೂಕಿನ ನಮ್ಮ ಊರಿನ ಕೆರೆಗೆ ಮೇಲಿನ ಕೆರೆಯ ಕೋಡಿಯಿಂದ ಬರುವ ರಾಜಕಾಲುವೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋಮೀಟರಿನಷ್ಟು ಕಳೆದ ಮಳೆಗಾಲಕ್ಕೆ ಮುಂಚೆ ತೆರವಾಯಿತು. ಅದಕ್ಕಾಗಿ ಧರಣಿ ಕೂರಲಿಲ್ಲ, ರಸ್ತೆ ತಡೆ ಮಾಡಲಿಲ್ಲ, ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಲಿಲ್ಲ. ಪತ್ರಿಕೆಗಳಲ್ಲಿ ಒಂದು ಸಾಲಿನ ಸುದ್ದಿಯೂ ಆಗದಂಥ ಸಾಧಾರಣ ದಿನದಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ, ಅಂದರೆ ಶಾಸಕರ ಮೂಲಕ ಕೇಳಿಸಿ ಬರಹದಲ್ಲೇ ಉತ್ತರ ಪಡೆಯುವ ಪ್ರಶ್ನೆಗೆ, ವಿಧಾನಸಭೆಯ ಮುಂದೆ ಬಂದ ಒಂದೂವರೆ ಪುಟದ ಲಿಖಿತ ಉತ್ತರವೇ ಈ ಕೆಲಸಕ್ಕೆ ಆಧಾರವಾಯಿತು. ಸದನದಲ್ಲಿ ಕೇಳಿದ್ದೆಲ್ಲ ಗಾಳಿಗೆ ಹೋಗುತ್ತದೆ ಎಂದು ಟೀ ಅಂಗಡಿಯಲ್ಲಿ ನನ್ನನ್ನು ಹಾಸ್ಯ ಮಾಡುತ್ತಿದ್ದ ಗೆಳೆಯರೇ ಈಗ ಪ್ರಶ್ನೆಯ ಕರಡು ಬರೆದುಕೊಡಿ ಎಂದು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಒಮ್ಮೆ ಬರೆದಿಡುವುದು ವಾಸಿ ಎನ್ನಿಸಿತು. ಕೆರೆ ಕೆಲಸದಲ್ಲೂ ಮಾಹಿತಿ ಹಕ್ಕಿನ ಕೆಲಸದಲ್ಲೂ ಪಳಗಿದವರಿಗಾಗಿ ಬರೆಯುತ್ತಿರುವುದರಿಂದ ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಅಳತೆಯ ನಕ್ಷೆ), ಬ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಯಲ್ಲದ ಜಮೀನು) ಇವುಗಳನ್ನು ಇದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜಿಲ್ಲೆಯಲ್ಲಿ ಎರಡು ಗುಂಪುಗಳಾದವು. ನೀರು ಬಂದರೆ ಸಾಕು ಎನ್ನುವವರು ಒಂದು ಕಡೆಯಾದರೆ, ಮೂರನೇ ಹಂತದ ಶುದ್ಧೀಕರಣ ಆಗದೆ ಈ ನೀರು ಬೇಡ ಎನ್ನುವವರು ಇನ್ನೊಂದು ಕಡೆ. ಅದೇ ಜುಲೈನಲ್ಲಿ ಹೈಕೋರ್ಟಿನ ತಡೆ, 2019ರ ಆರಂಭದಲ್ಲಿ ಸುಪ್ರೀಂ ಕೋರ್ಟಿನ ತಡೆ, ಕೆಲವು ತಿಂಗಳಲ್ಲಿ ಅದರ ತೆರವು, ಇವೆಲ್ಲ ನಿಮಗೆ ಗೊತ್ತಿರುವುದೇ. ನನ್ನ ತಲೆನೋವು ಅದಕ್ಕಿಂತ ಚಿಕ್ಕದು. ಆ ಯೋಜನೆಯಲ್ಲಿ ಒಂದು ಕೆರೆ ತುಂಬಿ ಕೋಡಿ ಹರಿದರೆ ಮಾತ್ರ ಕೆಳಗಿನ ಕೆರೆಗೆ ನೀರು ಇಳಿಯುತ್ತದೆ. ನಮ್ಮ ಮೇಲಿನ ಕೆರೆ ತುಂಬಿ ಕೋಡಿಯೂ ಬಿತ್ತು, ಆದರೆ ಆ ನೀರು ಟೊಮೆಟೊ ತೋಟದ ಬೇಲಿಯ ಬಳಿ ನಿಂತು, ಪಕ್ಕದ ಹೊಲಕ್ಕೆ ತಿರುಗಿ, ಅಲ್ಲೇ ಇಂಗಿಹೋಯಿತು. ಗ್ರಾಮ ನಕ್ಷೆಯಲ್ಲಿ ಎರಡು ಗೆರೆಗಳ ನಡುವೆ ಕಾಲುವೆಯಿದೆ, ನೆಲದ ಮೇಲೆ ಡ್ರಿಪ್ ಪೈಪುಗಳಿದ್ದವು.

ಅರ್ಜಿಗಳು ಎಲ್ಲೆಲ್ಲಿಗೆ ಹೋದವು ಎಂಬುದು ಬೇಸರದ ಕಥೆಯಾದ್ದರಿಂದ ಚಿಕ್ಕದಾಗಿ ಮುಗಿಸುತ್ತೇನೆ. ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) 40 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ, ಕಡಿಮೆಯಿದ್ದರೆ ಪಂಚಾಯತ್ ರಾಜ್, ಖರಾಬು ಜಮೀನಾದರೆ ಕಂದಾಯ, ಹೀಗೆ ಹಂಚಿಕೆಯಿರುವಾಗ ಎರಡು ಕೆರೆಗಳ ನಡುವಿನ ಕಾಲುವೆ ಯಾರದು ಎಂದು ಕೇಳಿದರೆ ಪ್ರತಿ ಕಚೇರಿಯಲ್ಲೂ ಪಕ್ಕದ ಕಚೇರಿಯ ವಿಳಾಸ ಸಿಗುತ್ತದೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕೇಳಿದರೆ ಮೂವತ್ತು ದಿನ ಕಳೆದು, ಮೇಲ್ಮನವಿಯೂ ಕಳೆದು, ಕೊನೆಗೆ ಬಂದದ್ದು ‘ಕೋರಿರುವ ಮಾಹಿತಿ ಕಚೇರಿಯಲ್ಲಿ ಲಭ್ಯವಿಲ್ಲ’ ಎಂಬ ಹಿಂಬರಹ. ಅದು ಸುಳ್ಳಲ್ಲ. ಅಳತೆಯನ್ನೇ ಮಾಡದಿದ್ದರೆ ಅಳತೆಯ ದಾಖಲೆ ಎಲ್ಲಿಂದ ಬರಬೇಕು? ಮಾಹಿತಿ ಹಕ್ಕಿನಲ್ಲಿ ಇರುವ ಕಾಗದ ಸಿಗುತ್ತದೆ, ಇಲ್ಲದ ಕಾಗದವನ್ನು ಹುಟ್ಟಿಸಲು ಬೇರೆ ದಾರಿ ಬೇಕು. ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಬೆಂಗಳೂರಿನ ವಕೀಲರೊಬ್ಬರು ಒಂದೂವರೆ ಲಕ್ಷದ ಹತ್ತಿರ ಹೇಳಿದರು. ಊರಿನಲ್ಲಿ ಚಂದಾ ಎತ್ತಿದಾಗ ಕೂಡಿದ್ದು ಇಪ್ಪತ್ತೆರಡು ಸಾವಿರವೋ ಏನೋ.

ಆಗ ಸದನದ ದಾರಿ ಹಿಡಿದೆ. ಮೊದಲು ಶಾಸಕರು ಶೂನ್ಯವೇಳೆಯಲ್ಲಿ ವಿಷಯ ಎತ್ತಿದರು. ಎರಡು ನಿಮಿಷದ ವಿಡಿಯೊ ವಾಟ್ಸಾಪಿನಲ್ಲಿ ಹೋಬಳಿ ತುಂಬ ಓಡಾಡಿತು, ಒತ್ತುವರಿ ಮಾಡಿದವರ ಮನೆಯವರೂ ಅದನ್ನು ಹಂಚಿಕೊಂಡರು, ಕಾಲುವೆ ಇದ್ದಲ್ಲೇ ಇತ್ತು. ಮುಂದಿನ ಅಧಿವೇಶನದಲ್ಲಿ ನಿಯಮ 351ರ ಸೂಚನೆ (ವಿಷಯ ಪ್ರಸ್ತಾಪಿಸಿ ಸರ್ಕಾರದ ಉತ್ತರ ಕೋರುವುದು) ಕೊಡಿಸಿದಾಗ ಬಂದ ಲಿಖಿತ ಉತ್ತರದಲ್ಲಿ ‘ಪರಿಶೀಲಿಸಿ ಸೂಕ್ತ ಕ್ರಮ’ ಎಂಬ ಮಾತಿನ ಹೊರತು ಹಿಡಿದು ಕೇಳಬಹುದಾದದ್ದು ಏನೂ ಇರಲಿಲ್ಲ. ನಿಯಮ 73ರ ಗಮನ ಸೆಳೆಯುವ ಸೂಚನೆಗೆ ಪೈಪೋಟಿ ಹೆಚ್ಚು, ನಮ್ಮದು ಕಾರ್ಯಕಲಾಪಗಳ ಪಟ್ಟಿಯ ಹತ್ತಿರವೂ ಸುಳಿಯಲಿಲ್ಲ. 2019ರ ಜುಲೈ ಅಧಿವೇಶನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಯನ್ನೇ (ಸಚಿವರು ಸದನದಲ್ಲಿ ಎದ್ದು ಉತ್ತರಿಸಬೇಕಾದದ್ದು) ಸಿದ್ಧ ಮಾಡಿದ್ದೆ. ನಮ್ಮ ಜಿಲ್ಲೆಯ ಶ್ರೀನಿವಾಸಪುರದ ರಮೇಶ್ ಕುಮಾರ್ ಅವರೇ ಸಭಾಧ್ಯಕ್ಷರಾಗಿದ್ದ ಆ ಅಧಿವೇಶನ ವಿಶ್ವಾಸಮತದ ಚರ್ಚೆಯಲ್ಲೇ ಕಳೆದು, 23ರಂದು 99ಕ್ಕೆ 105 ಮತಗಳಿಂದ ಸರ್ಕಾರ ಬಿದ್ದಾಗ ನಮ್ಮ ಕಾಲುವೆಯ ಪ್ರಶ್ನೆಯನ್ನು ಕೇಳುವವರು ಯಾರಿದ್ದರು? 2020ರ ಸೆಪ್ಟೆಂಬರ್ ಅಧಿವೇಶನವೂ ಕೋವಿಡ್ ಕಾರಣಕ್ಕೆ ಒಂದೇ ವಾರದಲ್ಲಿ ಮುಗಿಯಿತು. ಅಧಿವೇಶನ ಮುಕ್ತಾಯವಾದರೆ ಸೂಚನೆಗಳು ಬಿದ್ದುಹೋಗುತ್ತವೆ, ಮತ್ತೆ ಹೊಸದಾಗಿ ಸಹಿ ಹಾಕಿಸಬೇಕು, ಮತ್ತೆ ಬೆಂಗಳೂರಿಗೆ ಬಸ್ಸು ಹತ್ತಬೇಕು.

ಈ ಓಡಾಟದ ನಡುವೆ ಒಮ್ಮೆ ಪಾಸು ಮಾಡಿಸಿಕೊಂಡು ಪ್ರೇಕ್ಷಕರ ಗ್ಯಾಲರಿಯಲ್ಲಿ ಪೂರ್ತಿ ದಿನ ಕುಳಿತೆ. ನನ್ನ ಲೆಕ್ಕಾಚಾರ ಬದಲಾದದ್ದು ಅಲ್ಲಿ. ಅಂದು ಗದ್ದಲವಿರಲಿಲ್ಲ, ಸದನದ ಬಾವಿಗೆ ಯಾರೂ ಇಳಿಯಲಿಲ್ಲ. ಬೆಳಿಗ್ಗೆ ಕೋರಂ ಗಂಟೆ ಬಹಳ ಹೊತ್ತು ಬಾರಿಸಿತು. 224 ಸದಸ್ಯರ ಸದನಕ್ಕೆ ಹತ್ತನೇ ಒಂದು ಭಾಗ ಎಂದರೆ ಇಪ್ಪತ್ತಮೂರು ಮಂದಿ, ಅಷ್ಟು ತಲೆ ಕೂಡುವುದಕ್ಕೇ ಹೊತ್ತಾಯಿತು. ಪ್ರಶ್ನೋತ್ತರದಲ್ಲಿ ಸದಸ್ಯರು ಎದ್ದು ಪ್ರಶ್ನೆಯ ಸಂಖ್ಯೆ ಹೇಳುವುದು, ಸಚಿವರು ‘ಉತ್ತರವನ್ನು ಒದಗಿಸಲಾಗಿದೆ’ ಎನ್ನುವುದು, ಆಮೇಲೆ ಉಪಪ್ರಶ್ನೆಯ ಹೆಸರಿನಲ್ಲಿ ಕ್ಷೇತ್ರದ ಪುರಾಣ. ಹೀಗೆ ನಡೆದು ಪಟ್ಟಿಯ ಕೊನೆಯ ಪ್ರಶ್ನೆಗಳ ಸರದಿ ಬರುವ ಮೊದಲೇ ವೇಳೆ ಮುಗಿಯಿತು. ನಂತರ ವಾರ್ಷಿಕ ವರದಿಗಳು, ಲೆಕ್ಕ ತಪಾಸಣಾ ವರದಿಗಳು, ಅಧಿಸೂಚನೆಗಳು ಒಂದರ ಹಿಂದೆ ಒಂದು ಸದನದ ಮುಂದೆ ಬಂದವು. ಮಧ್ಯಾಹ್ನದ ಊಟದ ನಂತರ ಒಂದು ತಿದ್ದುಪಡಿ ವಿಧೇಯಕದ ಖಂಡಗಳು ‘ಹೌದು’ ಎನ್ನುವವರ ಕ್ಷೀಣ ಧ್ವನಿಯಲ್ಲಿ ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅಂಗೀಕಾರವಾದವು. ಪಕ್ಕದಲ್ಲಿ ಕುಳಿತಿದ್ದ ಶಾಲಾ ಮಕ್ಕಳು ಆಕಳಿಸುತ್ತಿದ್ದರು. ಆದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳ ಉತ್ತರಗಳು ಅಂದೂ ಮಂಡನೆಯಾದವು, ಯಾರೂ ಎದ್ದು ನಿಲ್ಲದೆ, ಯಾರೂ ಓದದೆ, ಅನುಬಂಧಗಳ ಸಮೇತ. ಗದ್ದಲದಲ್ಲಿ ಕಲಾಪ ಮುಂದೂಡಿದ ದಿನವೂ ಅವು ಸಾಮಾನ್ಯವಾಗಿ ಹೀಗೆಯೇ ಬಂದುಬಿಡುತ್ತವೆ ಎಂಬುದನ್ನು ಆಮೇಲೆ ಹಳೆಯ ಪಟ್ಟಿಗಳನ್ನು ತಾಳೆ ನೋಡಿ ಖಚಿತಪಡಿಸಿಕೊಂಡೆ. ಟಿ.ವಿ.ಯಲ್ಲಿ ಕಾಣದ ಈ ಕಾಗದದ ಕಂತೆಯೇ ನಮಗೆ ಬೇಕಾದದ್ದು ಎಂದು ಅಂದೇ ತೀರ್ಮಾನಿಸಿದೆ.

ಇನ್ನು ಕರಡಿನ ವಿಚಾರ. ನಮ್ಮವರು ಬರೆದುಕೊಡುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ‘ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದು ಶುರುವಾಗುತ್ತವೆ. ಅದಕ್ಕೆ ‘ಬಂದಿದೆ’ ಎಂಬ ಉತ್ತರ ಸಾಕು, ‘ಬಂದಿರುವುದಿಲ್ಲ’ ಎಂದರೆ ಕೆಳಗಿನ ಉಪಪ್ರಶ್ನೆಗಳಿಗೆಲ್ಲ ‘ಉದ್ಭವಿಸುವುದಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳಬಹುದು. ನನ್ನ ಕರಡಿನಲ್ಲಿ ನಾಲ್ಕೇ ಭಾಗಗಳಿದ್ದವು. (ಅ)ದಲ್ಲಿ ಇಂತಿಂಥ ಸರ್ವೆ ನಂಬರುಗಳ ನಡುವಿನ ರಾಜಕಾಲುವೆಯ ಉದ್ದ ಮತ್ತು ಗ್ರಾಮ ನಕ್ಷೆಯ ಪ್ರಕಾರ ಅಗಲ ಎಷ್ಟು, (ಆ)ದಲ್ಲಿ ಅದನ್ನು ಕೊನೆಯ ಬಾರಿ ಅಳತೆ ಮಾಡಿದ ದಿನಾಂಕ ಯಾವುದು, (ಇ)ಯಲ್ಲಿ ಒತ್ತುವರಿ ಎಷ್ಟು ಗುಂಟೆ, ಸರ್ವೆ ನಂಬರುವಾರು ವಿವರ ನೀಡುವುದು, (ಈ)ಯಲ್ಲಿ ತೆರವಿಗೆ ನಿಗದಿಪಡಿಸಿದ ಕಾಲಮಿತಿ ಏನು. ಒತ್ತುವರಿದಾರರ ಹೆಸರಾಗಲಿ, ಆರೋಪವಾಗಲಿ, ವಿಶೇಷಣವಾಗಲಿ ಇರಲಿಲ್ಲ. ಮೂರನೇ ಹಂತದ ಶುದ್ಧೀಕರಣವನ್ನೂ ಸೇರಿಸಿ ಎಂದು ಗೆಳೆಯರು ಹಟ ಹಿಡಿದರು, ನಾನು ಒಪ್ಪಲಿಲ್ಲ. ನ್ಯಾಯಾಲಯದ ಮುಂದಿರುವ ವಿಷಯ ಎಂಬ ಒಂದೇ ಕಾರಣಕ್ಕೆ ಇಡೀ ಪ್ರಶ್ನೆ ತಿರಸ್ಕಾರವಾಗುವ ಅಪಾಯವಿತ್ತು. ಅದರ ಮೇಲಿನ ಸಿಟ್ಟು ಕೆಲವರಿಗೆ ಇನ್ನೂ ಹೋಗಿಲ್ಲ.

ಮೊದಲ ಸಲ ಈ ಕರಡು ಹೋದಾಗ ‘ಸದರಿ ಕಾಲುವೆಯು ಈ ಇಲಾಖೆಯ ವ್ಯಾಪ್ತಿಗೆ ಒಳಪಡುವುದಿಲ್ಲ’ ಎಂಬ ಉತ್ತರ ಬಂತು. ಅದನ್ನು ಬಿಸಾಡಲಿಲ್ಲ. ಸದನದಲ್ಲಿ ಮಂಡಿಸಿದ ಆ ಉತ್ತರದ ಸಂಖ್ಯೆ, ದಿನಾಂಕಗಳನ್ನೇ ಉಲ್ಲೇಖಿಸಿ, ಹಾಗಿದ್ದರೆ ಯಾರ ವ್ಯಾಪ್ತಿ ಎಂದು ಮುಂದಿನ ಅಧಿವೇಶನದಲ್ಲಿ ಇನ್ನೊಂದು ಇಲಾಖೆಗೆ ಕೇಳಿಸಿದೆ. ಒಂದು ಇಲಾಖೆ ಲಿಖಿತವಾಗಿ ಕೈಬಿಟ್ಟದ್ದನ್ನು ಇನ್ನೊಂದು ಇಲಾಖೆ ಅದೇ ಸದನಕ್ಕೆ ಮತ್ತೆ ನಮ್ಮದಲ್ಲ ಎಂದು ಬರೆಯುವುದು ಸುಲಭವಲ್ಲ. ಪ್ರಶ್ನೆಯನ್ನು ಯಾವ ಇಲಾಖೆಗಳ ಸರದಿಯ ದಿನಕ್ಕೆ ಕೊಡಬೇಕು, ಸೂಚನೆಯನ್ನು ಗಡುವಿಗೆ ಎಷ್ಟು ಮುಂಚೆ ಮುಟ್ಟಿಸಬೇಕು ಎಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆದರೆ ನಾಳೆ ಎಲ್ಲರೂ ಅದೇ ದಿನಕ್ಕೆ ಕೊಡುತ್ತಾರೆ, ಆದ್ದರಿಂದ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಉತ್ತರ ಬರುವ ಮೊದಲೇ ಊರಿನಲ್ಲಿ ಅದರ ಬಿಸಿ ತಟ್ಟಿತು. ವಿಧಾನಸಭೆಯ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ, ತಹಶೀಲ್ದಾರ್‌ಗೆ, ಕಂದಾಯ ನಿರೀಕ್ಷಕರಿಗೆ ಇಳಿದು ಬಂದ ಪತ್ರ ಕೊನೆಗೆ ಗ್ರಾಮ ಆಡಳಿತ ಅಧಿಕಾರಿಯ ಮೊಬೈಲಿಗೆ ‘ಎಲ್‌ಎಕ್ಯೂ ಇದೆ, ಸಂಜೆಯೊಳಗೆ ವರದಿ ಬೇಕು’ ಎಂಬ ಒಂದು ಸಾಲಾಗಿ ಮುಟ್ಟಿತು. ಎಲ್‌ಎಕ್ಯೂ (ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್, ವಿಧಾನಸಭೆಯ ಪ್ರಶ್ನೆ) ಎಂದರೆ ಕಚೇರಿಗಳಲ್ಲಿ ಊಟ ಬಿಟ್ಟು ಓಡುತ್ತಾರೆ ಎಂಬುದನ್ನು ನಾನು ಕೇಳಿದ್ದೆ, ಆ ವಾರ ಕಣ್ಣಾರೆ ಕಂಡೆ. ವರ್ಷಗಟ್ಟಲೆ ಅರ್ಜಿಗೆ ಬಾರದ ಭೂಮಾಪಕರು ಉಪಕರಣ ಹೊತ್ತುಕೊಂಡು ಬಂದು, ಬೇವಿನ ಮರದ ಬುಡದಲ್ಲಿದ್ದ ಹಳೆಯ ಗಡಿಕಲ್ಲನ್ನು ಮಣ್ಣು ಕೆದರಿ ಹುಡುಕಿ, ಅಲ್ಲಿಂದ ಅಳೆಯತೊಡಗಿದರು. ಆ ಕಲ್ಲು ಎಲ್ಲಿದೆ ಎಂದು ತೋರಿಸಲು ನಮ್ಮೂರಿನ ಹಿರಿಯರೊಬ್ಬರನ್ನು ಹಿಂದಿನ ರಾತ್ರಿಯೇ ಒಪ್ಪಿಸಿಟ್ಟಿದ್ದೆ.

ಉತ್ತರ ಎರಡು ಅಂಕಣಗಳಲ್ಲಿತ್ತು. (ಆ)ದ ಎದುರಿಗೆ ಅಳತೆ ಮಾಡಿದ ದಿನಾಂಕವೆಂದು ನಮೂದಿಸಿದ್ದು ಈ ಅಳತೆಯ ದಿನವನ್ನೇ. ‘ಮಾಡಿರುವುದಿಲ್ಲ’ ಎಂದು ಸದನಕ್ಕೆ ಬರೆಯುವುದಕ್ಕಿಂತ ಅಳೆಯುವುದೇ ಸುಲಭವಾಗಿತ್ತು ಎಂದು ಕಾಣುತ್ತದೆ. (ಇ)ಯಲ್ಲಿ ಒಂದು ಎಕರೆಗೆ ತುಸು ಮೇಲ್ಪಟ್ಟು ಒತ್ತುವರಿಯ ಪಟ್ಟಿ ಅನುಬಂಧವಾಗಿ ಬಂತು. (ಈ)ಯಲ್ಲಿ ಮೂರು ತಿಂಗಳೊಳಗೆ ಕ್ರಮ ಕೈಗೊಳ್ಳಲಾಗುವುದು ಎಂದಿತ್ತು. ಕಾಲಮಿತಿಯಿರುವ ಇಂಥ ಮಾತು ಸದನಕ್ಕೆ ಕೊಟ್ಟ ಭರವಸೆಯಾಗುತ್ತದೆ, ಈಡೇರದಿದ್ದರೆ ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಅದಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ಈ ಉತ್ತರದ ಪ್ರತಿಯನ್ನು ಲಗತ್ತಿಸಿ ಭೂಕಂದಾಯ ಅಧಿನಿಯಮ, 1964ರ 104ನೇ ಪ್ರಕರಣದಡಿ ತೆರವು ಕೋರಿ ಅರ್ಜಿ ಹಾಕಿದಾಗ, ಕಚೇರಿಯಲ್ಲಿ ಮೊದಲ ಬಾರಿಗೆ ನನಗೆ ಕುರ್ಚಿ ಕೊಟ್ಟರು. ಜೆಸಿಬಿ ಬರಲು ಮೂರು ತಿಂಗಳ ಬದಲು ಐದಾರು ತಿಂಗಳೇ ಹಿಡಿಯಿತು, ಆದರೆ ಬಂತು.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಕ್ಷೆ, ಆಕಾರ್‌ಬಂದ್, ಟಿಪ್ಪಣಿ ಪ್ರತಿಗಳಿಗೆ ಎರಡು ಸಾವಿರದ ಸುಮಾರು, ಡಿಟಿಪಿ ಮತ್ತು ಜೆರಾಕ್ಸಿಗೆ ಮೂರು ಸಾವಿರ, ಬಸ್ಸು, ಊಟ, ಕಾಫಿಗೆ ಏಳೆಂಟು ಸಾವಿರ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಾಗ ಶಾಸಕರ ಕೊಠಡಿಯ ಬಳಿಯೇ ಕಾದರೆ ಕೆಲಸ ಬೇಗ ಆಗುತ್ತದೆಯೇ ಎಂದು ಪರೀಕ್ಷಿಸಲು ಹೋಗಿ ಬಂದದ್ದಕ್ಕೆ ಐದು ಸಾವಿರ ಹೋಯಿತು. ಐನೂರು ಕಿಲೋಮೀಟರಿಗೂ ಮೀರಿದ ಆ ಪ್ರಯಾಣದಿಂದ ಕುಂದಾ ಡಬ್ಬಿಯೊಂದು ಬಿಟ್ಟರೆ ಏನೂ ದಕ್ಕಲಿಲ್ಲ. ಲಿಖಿತ ಉತ್ತರಕ್ಕೆ ನಾವು ಅಲ್ಲಿರಬೇಕಾದ ಅಗತ್ಯವೇ ಇಲ್ಲ. ಒಟ್ಟು ಹದಿನೆಂಟು ಸಾವಿರದ ಒಳಗೆ ಮುಗಿಯಿತು, ಚಂದಾ ಹಣದಲ್ಲಿ ಉಳಿದದ್ದರಿಂದ ತೂಬಿನ ಬಾಗಿಲು ದುರಸ್ತಿಯಾಯಿತು. ವಕೀಲರು ಹೇಳಿದ್ದ ಮೊತ್ತವನ್ನು ನೆನಪಿಸಿದಾಗಲೆಲ್ಲ ನನ್ನನ್ನು ಹಾಸ್ಯ ಮಾಡಿದವರು ಮಾತು ಬದಲಾಯಿಸುತ್ತಾರೆ.

ಒಂದು ಪಕ್ಕದ ಪ್ರಯೋಗವನ್ನೂ ಹೇಳಬೇಕು. ಕೋಲಾರದವರಿಗೆ ಶಾಸಕರ ಬಾಗಿಲೊಂದೇ ಅಲ್ಲ, ವಿಧಾನ ಪರಿಷತ್ತಿನಲ್ಲಿ ಕೋಲಾರ ಸ್ಥಳೀಯ ಸಂಸ್ಥೆಗಳ ಕ್ಷೇತ್ರ, ಆಗ್ನೇಯ ಪದವೀಧರರ ಕ್ಷೇತ್ರ, ಆಗ್ನೇಯ ಶಿಕ್ಷಕರ ಕ್ಷೇತ್ರ ಎಂದು ಇನ್ನೂ ಮೂರು ಬಾಗಿಲುಗಳಿವೆ. ಇದೇ ಪ್ರಶ್ನೆಯನ್ನು ಒಂದೇ ಅವಧಿಯಲ್ಲಿ ಎರಡೂ ಸದನಗಳಲ್ಲಿ ಹಾಕಿಸಿ ಉತ್ತರಗಳನ್ನು ಹೋಲಿಸಿ ನೋಡಿದೆ. ಕಾಲುವೆಯ ಅಗಲದಲ್ಲಿ ಎರಡು ಅಡಿಯಷ್ಟು ವ್ಯತ್ಯಾಸ ಬಂತು. ಆ ವ್ಯತ್ಯಾಸವನ್ನು ಎಲ್ಲಿ, ಹೇಗೆ ಬಳಸಿದೆ ಎಂಬುದನ್ನು ಮುಖತಃ ಬಂದವರಿಗೆ ಹೇಳುತ್ತೇನೆ.

ಕೆಲಸ ಪೂರ್ತಿಯಾಗಿಲ್ಲ. ಒತ್ತುವರಿದಾರರಲ್ಲಿ ಇಬ್ಬರು ಸಿವಿಲ್ ನ್ಯಾಯಾಲಯಕ್ಕೆ ಹೋಗಿರುವುದರಿಂದ ಸುಮಾರು ಎಂಟು ಗುಂಟೆ ಹಾಗೇ ನಿಂತಿದೆ, ಆ ಸರ್ವೆ ನಂಬರುಗಳನ್ನು ಪ್ರಶ್ನೆಯಲ್ಲಿ ತಂದರೆ ಈ ಸಲ ತಿರಸ್ಕಾರ ಖಚಿತ. ಹಾಗಾಗಿ ಅವನ್ನು ಬಿಟ್ಟು, ಕಾಲುವೆ ರಸ್ತೆ ದಾಟುವ ಕಡೆ ಇರುವ ಕಿರಿದಾದ ಮೋರಿಯ ಗಾತ್ರ, ಅದರ ಅಂದಾಜು ಪಟ್ಟಿ, ಮಂಜೂರಾತಿಯ ದಿನಾಂಕ ಕೇಳುವ ಹೊಸ ಕರಡನ್ನು ಪರಿಷತ್ತಿಗಾಗಿ ಸಿದ್ಧಪಡಿಸಿದ್ದೇನೆ. ಸಹಿ ಆಗಿದೆ, ಅಧಿವೇಶನದ ದಿನಾಂಕ ಪ್ರಕಟವಾಗುವುದಷ್ಟೇ ಬಾಕಿ.