ಹಳ್ಳಿ ಸಭಾಪಾಲಕರಿಗೆ (ಚರ್ಚಿನ ಪಾಸ್ಟರ್‌ಗಳಿಗೆ): ಮನೆ ಪ್ರಾರ್ಥನೆ ನಡೆಸುವ ಬಗೆ

ಸುಗ್ಗಿಯಲ್ಲಿ ಸಂಜೆ 6ಕ್ಕೆ ಮನೆ ಪ್ರಾರ್ಥನೆ ಇಟ್ಟರೆ ಜನ ಬರುವುದಿಲ್ಲ. ಹೊಲದಿಂದ ಬಂದು, ದನಕ್ಕೆ ಮೇವು ಹಾಕಿ, ಕೈಕಾಲು ತೊಳೆಯುವಷ್ಟರಲ್ಲಿ 8 ಆಗಿರುತ್ತದೆ. ಆಗ ಶುರು ಮಾಡಿ, 40 ನಿಮಿಷಕ್ಕೆ ಮುಗಿಸಿ: ಎರಡು ಹಾಡು, ಬೈಬಲ್ ವಾಕ್ಯ ಓದುವುದು, 12 ನಿಮಿಷದ ಪ್ರಸಂಗ (ಬೋಧನೆ), ಉಳಿದದ್ದು ಪ್ರಾರ್ಥನೆ. ಪ್ರಸಂಗ ಉದ್ದವಾದರೆ ಮಕ್ಕಳು ಅಲ್ಲೇ ನಿದ್ದೆಹೋಗುತ್ತಾರೆ. ಕುರಿ ಕಾಯುವವರ ಊರಿನಲ್ಲಿ ಬೈಬಲಿನ ಲೂಕ 15ನೇ ಅಧ್ಯಾಯದ ಕಳೆದುಹೋದ ಕುರಿಯ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ; ನೇರ ಮಾತಿಗೆ ಬನ್ನಿ.

ಸಾಲ, ಕುಡಿತ, ಗಂಡಹೆಂಡಿರ ಜಗಳ ಹೇಳಿಕೊಂಡವರ ಹೆಸರೆತ್ತಿ ಎಲ್ಲರೆದುರು ಪ್ರಾರ್ಥಿಸಲೇಬೇಡಿ. ಮರುದಿನ ನಲ್ಲಿಯ ಹತ್ತಿರ ಅದೇ ಮಾತಾಗುತ್ತದೆ, ಆ ಮನೆಯ ಬಾಗಿಲು ನಿಮಗೆ ಮುಚ್ಚುತ್ತದೆ.

ಭಾನುವಾರ ಎರಡು ಮೂರು ಊರು ಸುತ್ತುವವರು ಸೋಮವಾರವನ್ನು ಹೆಂಡತಿ ಮಕ್ಕಳಿಗೇ ಬಿಡಿ. ಸಾವು, ಆಸ್ಪತ್ರೆ ಎಂದು ಕರೆ ಬಂದರೆ ಮಾತ್ರ ಹೊರಡಿ.